ಹೃಷಿಕೇಶ್ ಸಾರ್ ಸರದಿ

ಹೃಷಿಕೇಶ್ ಸಾರ್ ಕಕ್ಕಸು ತೊಳೆಯುತ್ತಿರುವ ಫೋಟೊ ನಮ್ಮ ಫ್ಯಾಕ್ಟರಿಯ ಬಾಗಿಲಲ್ಲೇ ಇದೆ. ದೊಡ್ಡದು. ಕಟ್ಟು ಹಾಕಿಸಿದ್ದಾರೆ. ಒಳಗೆ ಬಂದವರು ಮೊದಲು ನೋಡುವುದು ಅದನ್ನೇ. ಸಾರ್ ಒಂದು ಮಂಡಿ ಊರಿದ್ದಾರೆ. ಮಂಡಿಯ ಕೆಳಗೆ ಮಡಚಿದ ಟವೆಲ್ಲಿದೆ. ಕೈಯಲ್ಲಿ ಬ್ರಶ್ಶಿದೆ. ಬ್ರಶ್ಶಿನ ಹಿಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಬ್ರಶ್ಶಿಗೂ ಕಮೋಡಿಗೂ ನಡುವೆ ಒಂದು ಬೆಕ್ಕು ಕಾಲು ಚಾಚಿ ಮಲಗಬಹುದು, ಅಷ್ಟು ಜಾಗ. ಸಾರ್ ನಗುತ್ತಿದ್ದಾರೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದೆ: ನಾಯಕ ಮೊದಲು ಬಾಗುತ್ತಾನೆ.

ಆ ಕಮೋಡು ಹೊಳೆಯುತ್ತಿದೆಯಲ್ಲ, ಫೋಟೊ ತೆಗೆಯುವ ಮುಂಚೆ ಅದನ್ನು ಉಜ್ಜಿದವಳು ನಾನು.

ನನ್ನ ಹೆಸರು ಜಯಾ. ಬೆಂಗಳೂರಿನವಳು. ಡಿಪ್ಲೊಮಾ ಓದಿದ್ದೇನೆ. ಪೀಣ್ಯದಲ್ಲಿ ಕೆಲಸ ಮಾಡಿ, ಆ ಕಂಪನಿಯ ಜಪಾನಿ ಯಜಮಾನರು ನೈರೋಬಿಯಲ್ಲಿ ಘಟಕ ತೆರೆದಾಗ ಇಲ್ಲಿಗೆ ಬಂದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡು. ಮೋಟರ್‌ಸೈಕಲ್ ಚಕ್ರದ ಬೇರಿಂಗ್ ಜೋಡಿಸುತ್ತೇವೆ. ಊರ ತುಂಬ ಬಾಡಿಗೆಗೆ ಓಡುವ ಬೋಡಾಬೋಡಾ ಬೈಕುಗಳಿಗೆ ಹೋಗುತ್ತದೆ. ಬಿಡಿಭಾಗ ಬರುವುದು ಜಪಾನಿನ ಹಮಾಮತ್ಸು ಸೀಮೆಯಿಂದ. ಆ ಸೀಮೆಯಲ್ಲಿ ಮನೆ ಹಿಂದೆ ಲೇತು, ಮನೆ ಮುಂದೆ ಮೂಲಂಗಿ ಮಡಿಯಂತೆ. ಮೋಟರ್‌ಸೈಕಲ್ಲೂ ಅಲ್ಲೇ, ಪಿಯಾನೊ ಕೂಡ ಅಲ್ಲೇ ಮಾಡುತ್ತಾರಂತೆ.

ನನ್ನದು ಕಿವಿಯ ಕೆಲಸ. ಬೇರಿಂಗನ್ನು ಯಂತ್ರದ ಮೂತಿಗೆ ಸಿಕ್ಕಿಸಿ ತಿರುಗಿಸಬೇಕು. ಹೆಡ್‌ಫೋನಿನಲ್ಲಿ ಕೇಳಬೇಕು. ಒಳಗೆ ಧೂಳಿನ ಕಣ ಇದ್ದರೆ ದನಿ ಕೆರೆಯುತ್ತದೆ. ಕೆರೆದರೆ ಕೆಂಪು ಡಬ್ಬ, ಇಲ್ಲದಿದ್ದರೆ ನೀಲಿ ಡಬ್ಬ. ಇದನ್ನು ಕಲಿಯಲು ನನಗೆ ಕಷ್ಟವಾಗಲಿಲ್ಲ. ನಮ್ಮಪ್ಪ ಸುಣ್ಣ ಬಳಿಯುತ್ತಿದ್ದ, ಸಂಜೆ ಏಕತಾರಿ ಹಿಡಿದು ತತ್ವಪದ ಹೇಳುತ್ತಿದ್ದ. ಕಾಲೊನಿಯ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಒಂದು ಅಕ್ಷರ ಜಾರಿದರೆ ನಮ್ಮ ತಲೆಗಳು ತಾವಾಗಿ ಮೇಲೇಳುತ್ತಿದ್ದವು. ನಾನು ಮಾತು ಕಡಿಮೆ. ಕೇಳುವುದು ಜಾಸ್ತಿ. ದೇವರನ್ನೂ ಹಾಗೇ ನಂಬಿದ್ದು, ಕಿವಿಯಿಂದ.

ಪೀಣ್ಯದಲ್ಲಿ ಡಿಪ್ಲೊಮಾ ಇಟ್ಟುಕೊಂಡೇ ಪ್ಯಾಕಿಂಗ್ ಮಾಡಿದ್ದೆ. ಡಬ್ಬಕ್ಕೆ ಟೇಪು ಅಂಟಿಸುವ ಕೆಲಸ. ನೈರೋಬಿಯಲ್ಲಿ ಮೊದಲ ಸಲ ನನಗೆ ಅಂತ ಒಂದು ಕುರ್ಚಿ ಸಿಕ್ಕಿತು. ಗಾಜಿನ ಗೂಡು, ಒಂದು ಕುರ್ಚಿ, ಒಂದು ಹೆಡ್‌ಫೋನು. ಆ ಕುರ್ಚಿ ಬಿಡಬಾರದು ಅನ್ನುವುದೊಂದೇ ನನ್ನ ಆಸೆ. ಈ ಕಥೆ ಅದರದ್ದೇ.

ಕಂಪನಿಯಲ್ಲಿ ಒಂದು ಪದ್ಧತಿ ಇದೆ. ಹಮಾಮತ್ಸುವಿನ ಮೂಲ ಫ್ಯಾಕ್ಟರಿಯಿಂದ ಬಂದದ್ದು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಕಂಪನಿಯ ಪ್ರತಿಜ್ಞೆ ಹೇಳಬೇಕು, ಜಪಾನಿ ಭಾಷೆಯಲ್ಲೇ. ಆಮೇಲೆ ಕಕ್ಕಸು ತೊಳೆಯಬೇಕು. ದಿನಕ್ಕೊಂದು ವಿಭಾಗ, ಹೆಸರು ಸಮೇತ ಗೋಡೆಯ ಮೇಲೆ ಚಾರ್ಟು. ಸೋಮವಾರ ಜೋಡಣೆ, ಮಂಗಳವಾರ ಗ್ರೀಸು, ಬುಧವಾರ ಉಗ್ರಾಣ, ಗುರುವಾರ ನಮ್ಮ ತಪಾಸಣೆ, ಶುಕ್ರವಾರ ಆಫೀಸು, ಶನಿವಾರ ರಿಪೇರಿ. ಮ್ಯಾನೇಜರ್ ಆದರೂ ಬಿಡುವಂತಿಲ್ಲ. ತೊಳೆದವರೇ ಬಂದು ಬೆಲ್ ಹೊಡೆಯಬೇಕು. ಬೆಲ್ ಆಗದೆ ಒಂದು ಮೆಶಿನ್ನೂ ಶುರುವಾಗಬಾರದು. ಗ್ಲೌಸ್ ಹಾಕಬಾರದು. ಕೊಳೆ ಏನೆಂದು ಕೈಗೆ ಗೊತ್ತಾಗಬೇಕಂತೆ.

ನೋಡಿ, ಬೇರಿಂಗ್ ಮುಟ್ಟುವಾಗ ಗ್ಲೌಸ್ ಬೇಕು. ಬೆರಳಿನ ಬೆವರು ತಾಗಿದರೆ ಉಕ್ಕಿಗೆ ತುಕ್ಕು. ಕಕ್ಕಸಿಗೆ ಬೇಡ. ಚರ್ಮಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ.

ಆದರೂ ನನಗೆ ಆ ಪದ್ಧತಿ ಮೊದಲು ಇಷ್ಟವಾಗಿತ್ತು. ಇದ್ದದ್ದು ಹೇಳುತ್ತೇನೆ. ಎಲ್ಲರೂ ತೊಳೆಯುತ್ತಾರೆ ಅಂದರೆ ಯಾರೂ ತೋಟಿ ಅಲ್ಲ. ಅಷ್ಟು ದೂರದ ಜನ ಇದನ್ನು ಕಂಡುಕೊಂಡಿದ್ದಾರಲ್ಲ ಅಂದುಕೊಂಡೆ.

ಆಫೀಸಿನಲ್ಲಿ ನಾಲ್ಕು ಜನ. ನಾಲ್ವರೂ ಕನ್ನಡದವರು. ಘಟಕದ ಮುಖ್ಯಸ್ಥ ಹೃಷಿಕೇಶ್ ಸಾರ್, ಲೆಕ್ಕದ ದ್ವಾರಕಾನಾಥ್, ಖರೀದಿಯ ಪ್ರಶಾಂತ್, ಕಂಪ್ಯೂಟರಿನ ಯೋಗೀಶ. ಶುಕ್ರವಾರ ಬಂತೆಂದರೆ ಇವರಿಗೆ ಕಾಯಿಲೆ. ಒಬ್ಬರಿಗೆ ಬೆನ್ನು, ಒಬ್ಬರಿಗೆ ಬ್ಯಾಂಕು, ಒಬ್ಬರಿಗೆ ಏಕಾದಶಿ. ಏಕಾದಶಿ ಪ್ರತಿ ಶುಕ್ರವಾರ ಹೇಗೆ ಬರುತ್ತದೋ ಪಂಚಾಂಗ ಬರೆದವರನ್ನೇ ಕೇಳಬೇಕು. ತೋಟ ನೋಡಿಕೊಳ್ಳುವ ಲಾರೆನ್ಸ್ ಕೈಯಲ್ಲಿ ಮಾಡಿಸುತ್ತಿದ್ದರು. ಜೋಡಣೆಯ ಮೇಸ್ತ್ರಿ ಪೀಟರ್ ಅದನ್ನು ನಿಲ್ಲಿಸಿದ. ಪೀಟರ್ ವಯಸ್ಸಾದವನು, ಕಾರ್ಮಿಕರ ಕಡೆಯಿಂದ ಮಾತಾಡುವವನು. ನಾವೆಲ್ಲ ಅವನನ್ನು ಮ್ಜೀ ಅನ್ನುತ್ತೇವೆ, ಹಿರಿಯ ಅಂತ. ಅವನು ನನ್ನನ್ನು ದಾದಾ ಅನ್ನುತ್ತಾನೆ. ಇಲ್ಲಿ ದಾದಾ ಅಂದರೆ ಅಕ್ಕ.

"ಲಾರೆನ್ಸ್ ಹೆಸರು ಯಾವ ವಿಭಾಗದಲ್ಲಿದೆ ಬಾಸ್? ಗಿಡ ನಿಮ್ಮ ಆಫೀಸಿನಲ್ಲಿ ಬೆಳೆಯುತ್ತಾ?" ಅಂದ ಪೀಟರ್, ಎಲ್ಲರ ಮುಂದೆ.

ಆಮೇಲೆ ಯುಗಾದಿ ಬಂತು.

ಪಾರ್ಕ್‌ಲ್ಯಾಂಡ್ಸ್‌ನ ಒಂದು ಹಾಲಿನಲ್ಲಿ ಕನ್ನಡದವರ ಊಟ. ಹೃಷಿಕೇಶ್ ಸಾರ್ ಹೆಂಡತಿ ಪ್ರಗತಿ ಮೇಡಂ ಅಲ್ಲಿನ ಎಲ್ಲದಕ್ಕೂ ಮುಂದು. ಶನಿವಾರ ಶನಿವಾರ ಸ್ಪ್ರಿಂಗ್ ವ್ಯಾಲಿಯ ಅವರ ಮನೆಯಲ್ಲಿ ಭಜನೆ ನಡೆಸುತ್ತಾರೆ. ನಾನೂ ಹೋಗುತ್ತಿದ್ದೆ. ಅಪ್ಪನ ಪದ ಹೇಳುತ್ತಿದ್ದೆ. "ಎಷ್ಟು ಅಥೆಂಟಿಕ್ ಆಗಿ ಹೇಳ್ತೀರಾ ಜಯಾ" ಅನ್ನುತ್ತಿದ್ದರು. ಅವತ್ತು ಹೋಳಿಗೆ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತರು.

"ನಿಮ್ಮ ತಂದೆಯವರು ಸಂಗೀತದವರಾ?"

"ಇಲ್ಲ ಮೇಡಂ. ಸುಣ್ಣ ಬಳೀತಿದ್ರು."

"ಓಹ್. ಪೇಂಟಿಂಗ್ ಕಾಂಟ್ರಾಕ್ಟು."

"ಕಾಂಟ್ರಾಕ್ಟಲ್ಲ. ಕೂಲಿ."

"ಅಮ್ಮ?"

"ಕಾರ್ಪೊರೇಷನ್ನು. ರಸ್ತೆ ಗುಡಿಸ್ತಿದ್ರು. ಮೋರೀನೂ ತೆಗೀತಿದ್ರು."

ಮೇಡಂ ಕೈಯಲ್ಲಿದ್ದ ಹೋಳಿಗೆ ನನ್ನ ಎಲೆಗೆ ಬೀಳಲಿಲ್ಲ. ಬುಟ್ಟಿಗೂ ವಾಪಸ್ ಹೋಗಲಿಲ್ಲ. ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಮೇಲಿನಿಂದ ಬಿಟ್ಟರು. ಎಲೆಗೆ ಕೈ ತಾಗದ ಎತ್ತರದಿಂದ. ತುಪ್ಪ ಮರೆತರು.

ನಾವು ಮಾದಿಗರು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಇವರು ಹಾಗೆ ಕೇಳುವುದಿಲ್ಲ. ಅಪ್ಪ, ಅಮ್ಮ, ಏರಿಯಾ, ಊಟ, ಹೀಗೆ ಸುತ್ತಲೂ ಕೈಯಾಡಿಸಿ ಬಾಗಿಲು ಹುಡುಕುತ್ತಾರೆ. ಸಮುದ್ರ ದಾಟಿ ಬಂದಿದ್ದಾರೆ, ಆ ಕೈಚಳಕ ಬಿಟ್ಟು ಬಂದಿಲ್ಲ.

ಸೋಮವಾರ ಹೃಷಿಕೇಶ್ ಸಾರ್ ಕರೆದರು. ಅಲ್ಲಿಯವರೆಗೆ ನನ್ನನ್ನು "ನೀವು" ಅನ್ನುತ್ತಿದ್ದರು.

"ಬಾ ಜಯಾ. ನಿಂಗೊಂದು ಗುಡ್ ನ್ಯೂಸ್. ನಿನ್ನನ್ನ ಕ್ಲೀನಿಂಗ್ ಲೀಡರ್ ಮಾಡ್ತಿದೀವಿ."

"ಏನ್ ಸಾರ್ ಹಾಗಂದ್ರೆ?"

"ಜಪಾನಲ್ಲಿ ಇದು ತುಂಬಾ ದೊಡ್ಡ ಹಾನರ್. ಮೇಲಿನ ಗೆಸ್ಟ್ ಟಾಯ್ಲೆಟ್ ಡೈಲಿ ನೀನು ನೋಡ್ಕೋತೀಯ. ಶುಕ್ರವಾರ ಆಫೀಸಿನ ಪರವಾಗಿ ಕೆಳಗಡೇದೂ. ನಮಗೆಲ್ಲ ಒಂಥರಾ ಅಭ್ಯಾಸ ಇಲ್ಲ ನೋಡು. ನಿಮಗಾದ್ರೆ..."

ಅಲ್ಲಿಗೆ ನಿಲ್ಲಿಸಿದರು. ಒಳ್ಳೆಯ ಓದು ಓದಿದವರು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತು.

"ನನ್ನ ಸರದಿ ಗುರುವಾರ ಸಾರ್. ಅದನ್ನ ಮಾಡ್ತಿದೀನಲ್ಲ."

"ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಬರ್ತಿದೆ ಅಲ್ವಾ? ಕಂಪನಿ ಲೆಟರ್ ನಾನೇ ಕೊಡಬೇಕು. ಆಟಿಟ್ಯೂಡ್ ಬಗ್ಗೆ ಒಂದು ಲೈನ್ ಬರೀಬೇಕಾಗುತ್ತೆ."

ಕಂಪನಿ ಪತ್ರ ಕೊಡದಿದ್ದರೆ ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದಿದ್ದರೆ ಕುರ್ಚಿ ಇಲ್ಲ. ಬೆಂಗಳೂರು, ಪೀಣ್ಯ, ಟೇಪು.

ಎದೆಗೆ ಒಂದು ಬ್ಯಾಡ್ಜು ಚುಚ್ಚಿದರು. ಚಿನ್ನದ ಬಣ್ಣ. ದ್ವಾರಕಾನಾಥ್ ಚಪ್ಪಾಳೆ ತಟ್ಟಿದರು.

ಇಲ್ಲಿಯ ಬೋರ್‌ವೆಲ್ ನೀರು ಗಡಸು. ಕಮೋಡಿನೊಳಗೆ ಕಂದು ಪಟ್ಟೆ ಕಟ್ಟುತ್ತದೆ. ಬ್ರಶ್ಶಿಗೆ ಬರುವುದಿಲ್ಲ. ಆಸಿಡ್ ಹಾಕಬೇಕು. ಆಸಿಡ್ ಹಾಕಿ, ಉಸಿರು ಬಿಗಿಹಿಡಿದು, ಬಗ್ಗಿ, ನಾರಿನಿಂದ ತಿಕ್ಕಬೇಕು. ಗ್ಲೌಸ್ ಕೇಳಿದೆ. "ರೂಲ್ಸ್ ಗೊತ್ತಲ್ವಾ?" ಅಂದ ಪ್ರಶಾಂತ್. ಮೇಲಿನ ಕಕ್ಕಸಿಗೆ ಬೀಗ ಇತ್ತು. ಬೆಳಿಗ್ಗೆ ಬೀಗದ ಕೈ ಕೊಡುತ್ತಿದ್ದರು, ತೊಳೆದ ಮೇಲೆ ಇಸಿದುಕೊಳ್ಳುತ್ತಿದ್ದರು. ಅಲ್ಲಿ ನಾನು ಕೂರಬಾರದು. ತೊಳೆಯಬಹುದು, ಕೂರಬಾರದು. ನಾಲ್ಕು ಜನರ ಹೊಟ್ಟೆಯ ಗುಟ್ಟು ನನಗೆ ಗೊತ್ತು. ಯಾರು ನೀರು ಹಾಕುವುದಿಲ್ಲ, ಯಾರು ರಾತ್ರಿ ಹೊರಗೆ ಏನು ತಿಂದು ಬೆಳಿಗ್ಗೆ ಶಾಕಾಹಾರದ ಮಾತಾಡುತ್ತಾರೆ, ಎಲ್ಲ ಗೊತ್ತು. ನಾನು ಯಾರಿಗೂ ಹೇಳಲಿಲ್ಲ. ಬಾಗಿಲಿನ ಆ ಫೋಟೊ ತೆಗೆದದ್ದೂ ಆಗಲೇ, ಮೇಲಿನ ಕಕ್ಕಸಿನಲ್ಲಿ.

ಕೈ ಬಿರಿಯಿತು. ಬೆರಳ ಸಂದಿಯಲ್ಲಿ ಚರ್ಮ ಎದ್ದಿತು. ಉಪ್ಪು ಮುಟ್ಟಿದರೆ ಉರಿ, ಸಾಬೂನು ಮುಟ್ಟಿದರೆ ಉರಿ. ಆ ಕೈಗೆ ಬಿಳಿ ಗ್ಲೌಸ್ ಏರಿಸಿ ಬೇರಿಂಗ್ ಹಿಡಿಯುತ್ತಿದ್ದೆ. ಸಂಜೆ ಗ್ಲೌಸ್ ತೆಗೆದರೆ ಒಳಗೆ ರಕ್ತದ ಚುಕ್ಕೆ. ಮಟಾಟು ವ್ಯಾನಿನಲ್ಲಿ ಕಂಡಕ್ಟರನ ಕೈಗೆ ಚಿಲ್ಲರೆ ಕೊಡಲೂ ನಾಚಿಕೆ.

ಮೇಡಂ ಭಜನೆಯ ವಾಟ್ಸಾಪ್ ಗುಂಪಿನಿಂದ ನನ್ನ ಹೆಸರು ಹೋಯಿತು. ಯಾಕೆಂದು ಕೇಳಲಿಲ್ಲ. ಭಜನೆ ನಿಂತಿಲ್ಲ ಅಂತ ಗೊತ್ತಿತ್ತು. ಎಲ್ಲರೊಳಗೂ ಅವನೇ ಇದ್ದಾನೆ ಅಂತ ಹಾಡುವ ಮನೆ ಅದು. ಎಲ್ಲರ ಪಟ್ಟಿ ಮಾತ್ರ ಮೇಡಂ ಹತ್ತಿರ ಇರುತ್ತದೆ.

ಪೀಟರ್ ನೋಡುತ್ತಿದ್ದ. ಒಂದು ದಿನ ಕೇಳಿದ, "ದಾದಾ, ನೀನು ಯಾಕೆ ಇವರದ್ದು ತೊಳೀತೀಯ? ನೀವೆಲ್ಲ ಒಂದೇ ಊರಿನವರು, ಒಂದೇ ಭಾಷೆ."

"ಊರು ಒಂದೇ ಮ್ಜೀ. ಓಣಿ ಬೇರೆ."

ವಿವರಿಸಿದೆ. ಅವನು ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ. "ನಮ್ಮ ತಾತನ ಕಾಲದಲ್ಲಿ ಬಿಳಿಯರು ಇದನ್ನು ಮಾಡ್ತಿದ್ರು. ಅವರು ಹಡಗು ಹತ್ತಿ ಬಂದಿದ್ರು. ನಿಮ್ಮವರು ಇದಕ್ಕೆ ಹಡಗೂ ಹತ್ತಿಲ್ಲ, ಮನೆಯಲ್ಲೇ ಮಾಡ್ಕೊಂಡಿದ್ದಾರೆ" ಅಂದ.

ಮಳೆ ನಿಂತ ಮೇಲೆ ಹಮಾಮತ್ಸುವಿನಿಂದ ಸುಗಿಯಾಮಾ ಬಂದರು. ಕಂಪನಿಯ ಹಿರಿಯರು. ನರೆತ ಕೂದಲು, ಸಣ್ಣ ದೇಹ, ನಮ್ಮದೇ ಬೂದು ಸಮವಸ್ತ್ರ. ಆಫೀಸಿನವರ ಸರದಿಯನ್ನು ಕಣ್ಣಾರೆ ನೋಡಬೇಕು ಅಂತ ಶುಕ್ರವಾರವನ್ನೇ ಆರಿಸಿಕೊಂಡಿದ್ದರು. ಮಾತು ತಿಳಿಸಲು ಪ್ರಿಯನ್ ಜೊತೆಗಿದ್ದ. ಅವನು ಮಂಗಳೂರಿನ ಹುಡುಗ, ಜಪಾನಿ ಕಲಿತವನು, ಉಗ್ರಾಣದ ವಿಭಾಗಕ್ಕೆ ಸೇರಿದವನು. ಪಾಪ, ತನ್ನ ಬುಧವಾರದ ಸರದಿಯನ್ನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ತಾನೇ ಮಾಡುತ್ತಿದ್ದ.

ಹಿಂದಿನ ದಿನ ಹೃಷಿಕೇಶ್ ಸಾರ್ ಹೇಳಿದ್ದರು, "ನಾಳೆ ಬೇಗ ಬಂದು ಎಲ್ಲ ತೊಳೆದಿಡು. ನಾವು ಆಮೇಲೆ ಸುಮ್ನೆ ಬ್ರಶ್ ಆಡಿಸ್ತೀವಿ."

ನಾನು ಬೇಗ ಬಂದೆ. ಬಕೆಟ್ ಹಿಡಿದು ಕಕ್ಕಸಿನ ಬಾಗಿಲಿಗೆ ಹೋದೆ. ಆಸಿಡಿನ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಹತ್ತಿತು, ಬೆರಳ ಸಂದಿಯೆಲ್ಲ ತಾನಾಗಿ ಉರಿಯಿತು. ಇನ್ನೂ ಮುಟ್ಟೇ ಇರಲಿಲ್ಲ. ಮುಟ್ಟುವ ಮೊದಲೇ ಉರಿಯುವ ಕೈ ಅಮ್ಮನಿಗೆ ಇತ್ತು. ಪೊರಕೆ ನೋಡಿದರೆ ಸಾಕು, ಬೆರಳು ಮಡಚಿಕೊಳ್ಳುತ್ತಿದ್ದಳು. ನನ್ನನ್ನು ಓದಿಸಿದ್ದು ಆ ಕೈ. ಮುಚ್ಚಳ ವಾಪಸ್ ಹಾಕಿದೆ. ಬಕೆಟ್ ಖಾಲಿ ಮಾಡಿ ಕವುಚಿಟ್ಟೆ. ಹೋಗಿ ಸಾಲಿನಲ್ಲಿ ನಿಂತೆ.

ಪ್ರತಿಜ್ಞೆ ಮುಗಿಯಿತು. ಎಲ್ಲರೂ ಕಕ್ಕಸಿನ ಬಾಗಿಲಿಗೆ ಬಂದರು. ಕ್ಯಾಮೆರಾ ಸಿದ್ಧ. ಹೃಷಿಕೇಶ್ ಸಾರ್ ಒಳಗೆ ಇಣುಕಿದರು. ಮುಖ ಕೆಟ್ಟಿತು. ಗುರುವಾರ ನಾವು ತೊಳೆದದ್ದು, ಆಮೇಲೆ ಎರಡು ಪಾಳಿ ಬಳಸಿದೆ. ಬಳಸಿದ ಕಕ್ಕಸು ಹೇಗಿರುತ್ತದೋ ಹಾಗಿತ್ತು. ಬ್ರಶ್ಶನ್ನು ನನ್ನ ಕಡೆ ಚಾಚಿ ಇಂಗ್ಲಿಷಿನಲ್ಲಿ ಜೋರಾಗಿ ಅಂದರು, "ಜಯಾ ನಮ್ಮ ಲೀಡರ್. ಅವಳು ತೋರಿಸಿಕೊಡ್ತಾಳೆ."

ನಾನು ಕೈ ಹಿಂದೆ ಕಟ್ಟಿಕೊಂಡೆ.

"ಇವತ್ತು ನನ್ನ ಸರದಿ ಅಲ್ಲ ಸಾರ್."

ಸಾರ್ ನಗು ಬಿಡದೆ ಹಲ್ಲುಗಳ ನಡುವೆ ಕನ್ನಡಕ್ಕೆ ಬಂದರು. "ಸೀನ್ ಮಾಡ್ಬೇಡ. ಪರ್ಮಿಟ್ ನೆನಪಿರ್ಲಿ."

"ನೆನಪಿದೆ ಸಾರ್. ಇವತ್ತು ಶುಕ್ರವಾರ ಅನ್ನೋದೂ ನೆನಪಿದೆ. ನಿಮ್ಮ ಸರದಿ."

"ಹಿಡ್ಕೊ ಅಂದ್ನಲ್ಲ."

"ಇಲ್ಲ."

ಇದೇ ಮಾತನ್ನು ಇಂಗ್ಲಿಷಿನಲ್ಲೂ ಹೇಳಿದೆ. ಹಿಂದೆ ನಿಂತವರಿಗೆಲ್ಲ ಕೇಳಿಸಿತು. ಪೀಟರ್ ಸ್ವಾಹಿಲಿಯಲ್ಲಿ ಇನ್ನೊಮ್ಮೆ ಹೇಳಿದ, ಕೇಳಿಸದವರಿಗೆ.

ಸುಗಿಯಾಮಾ ಪ್ರಿಯನ್‌ನನ್ನು ಏನೋ ಕೇಳಿದರು. ಪ್ರಿಯನ್ ಏನೋ ಹೇಳಿದ. ಸುಗಿಯಾಮಾ ನನ್ನ ಕಡೆ ತಿರುಗಿ ಬೇಸರದಿಂದ ಮಾತಾಡಿದರು. ಪ್ರಿಯನ್ ನೆಲ ನೋಡುತ್ತ ತಿಳಿಸಿದ, "ಅವರ ಊರಿನಲ್ಲಿ ಯಾರ ಸರದಿ ಅಂತ ಕೇಳಲ್ಲವಂತೆ. ಕೈ ತಾನಾಗಿ ಮುಂದೆ ಹೋಗುತ್ತಂತೆ. ನಿನ್ನ ಮನಸ್ಸು ಇನ್ನೂ ಒರಟಾಗಿದೆಯಂತೆ."

ನನ್ನ ಮನಸ್ಸು ಒರಟು. ಸಾರ್ ಮನಸ್ಸು ನುಣುಪು. ಬೇರಿಂಗಿನಂತೆ, ಎತ್ತ ಬೇಕಾದರೂ ತಿರುಗುತ್ತದೆ.

ಆ ಮುದುಕರು ತೋಳು ಮಡಚಿ, ಬರಿಗೈಯಲ್ಲಿ, ಮಂಡಿಯೂರಿ, ತಾವೇ ತೊಳೆದರು. ಚೆನ್ನಾಗಿಯೇ ತೊಳೆದರು. ಅವರ ಕೈ ಸುಳ್ಳಾಡಲಿಲ್ಲ. ನಾಲ್ವರು ಸುತ್ತ ನಿಂತು ಕಣ್ಣೊರೆಸಿಕೊಂಡರು. ಕಣ್ಣೀರಿಗೆ ಆಸಿಡೇ ಕಾರಣ ಇರಬೇಕು. ಸುಗಿಯಾಮಾ ಬೆಲ್ ಹೊಡೆದರು. ಮೆಶಿನ್‌ಗಳು ಶುರುವಾದವು. ಅವರು ಮೊಂಬಾಸಾದ ಬಂದರನ್ನು ನೋಡಲು ಹೋದರು.

ಮಧ್ಯಾಹ್ನ ಆದೇಶ ಬಂತು. ಮುಂದಿನ ಶುಕ್ರವಾರ ಸುಗಿಯಾಮಾ ವಾಪಸ್ ಬರುತ್ತಾರೆ, ಸಭೆ ಮುಗಿಸಿ ನೇರ ವಿಮಾನ. ಅಷ್ಟರೊಳಗೆ ನಾನು ಆತ್ಮವಿಮರ್ಶೆ ಸಿದ್ಧ ಮಾಡಿಕೊಳ್ಳಬೇಕು. ಅದೂ ಹಮಾಮತ್ಸುವಿನ ಪದ್ಧತಿಯೇ. ತಪ್ಪು ಮಾಡಿದವರು ಬೆಳಗಿನ ಸಭೆಯಲ್ಲಿ ಪೆಟ್ಟಿಗೆಯ ಮೇಲೆ ನಿಂತು, ತಾನು ಯೋಚಿಸಿದೆ, ತಿದ್ದಿಕೊಂಡೆ ಅಂತ ಹೇಳಬೇಕು. ಹೇಳಿದರೆ ಪತ್ರ, ಇಲ್ಲದಿದ್ದರೆ ಇಲ್ಲ.

ಆ ವಾರ ನಾನು ಮೇಲಿನ ಕಕ್ಕಸಿಗೆ ಹೋಗಲಿಲ್ಲ. ಬ್ಯಾಡ್ಜು ತೆಗೆದು ದ್ವಾರಕಾನಾಥ್ ಮೇಜಿನ ಮೇಲಿಟ್ಟೆ. "ಇದು ರಿಟರ್ನ್ ತಗೊಳಲ್ಲಮ್ಮ" ಅಂದರು ಗಾಬರಿಯಿಂದ, ಲೆಕ್ಕಕ್ಕೆ ಹೇಗೆ ಬರೆಯುವುದೆಂದು ತಿಳಿಯದೆ. ಗುರುವಾರ ನನ್ನ ಸರದಿ. ನನ್ನ ವಿಭಾಗದ ಇಬ್ಬರು ಹುಡುಗಿಯರ ಜೊತೆ ತೊಳೆದೆ. ಬೆಲ್ ಹೊಡೆದೆ.

ಶುಕ್ರವಾರ. ಸಾಲು ನಿಂತಿತು. ಸುಗಿಯಾಮಾ ಮುಂದೆ, ಪಕ್ಕದಲ್ಲಿ ಆಫೀಸಿನ ನಾಲ್ವರು. ನಾನು ಪೆಟ್ಟಿಗೆ ಹತ್ತಿದೆ. ಅಪ್ಪ ಪದ ಎತ್ತುವ ಮೊದಲು ಒಂದು ಸಲ ಪೂರ್ತಿ ಉಸಿರು ಬಿಡುತ್ತಿದ್ದ. ಹಾಗೆ ಬಿಟ್ಟೆ. ಕನ್ನಡದಲ್ಲೇ ಶುರು ಮಾಡಿದೆ. ನಾಲ್ವರಿಗೆ ಅರ್ಥವಾಗಲಿ ಅಂತ.

"ನನಗೆ ಯೋಚನೆ ಮಾಡು ಅಂದಿದ್ದೀರಿ. ಮಾಡಿದೆ. ಕಕ್ಕಸಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಜಾತಿ ಕೇಳಲಿಲ್ಲ. ಯಾರು ಕೂತರೂ ಅದಕ್ಕೆ ಒಂದೇ. ನನ್ನ ಜಾತಿ ಕೇಳಿದ್ದು ಹೋಳಿಗೆ ಬಡಿಸಿದವರು. ನಮ್ಮಮ್ಮ ಮೋರಿ ತೆಗೀತಿದ್ದಳು ಅಂತ ಭಾನುವಾರ ಗೊತ್ತಾಯಿತು, ಸೋಮವಾರ ನನ್ನ ಕೈಗೆ ಬ್ರಶ್ಶು ಬಂತು. ಅವತ್ತಿಂದ ಈ ನಾಲ್ಕು ಜನರ ಸರದಿ ಒಂದೇ ಒಂದು ಸಲವೂ ಅವರು ಮಾಡಿಲ್ಲ. ನಾನು ಮಾಡಿದ್ದೀನಿ. ಇನ್ನು ಮಾಡಲ್ಲ."

ಪ್ರಿಯನ್ ಬೆವರುತ್ತಿದ್ದ. ಹೃಷಿಕೇಶ್ ಸಾರ್ ಅವನನ್ನೇ ನೋಡುತ್ತಿದ್ದರು. ಅವನು ಸುಗಿಯಾಮಾಗೆ ಚುಟುಕಾಗಿ ಏನೋ ಹೇಳಿದ. ಸುಗಿಯಾಮಾ ಮುಖ ಅರಳಿತು. ನನಗೆ ತಲೆಬಾಗಿದರು.

ಅವನ ಮಾತಿನಲ್ಲಿ 'ಕಾನ್ಶಾ' ಅನ್ನುವ ಪದ ಇತ್ತು. ಪ್ರತಿಜ್ಞೆಯ ಮೂರನೇ ಸಾಲಿನಲ್ಲಿ ಬರುವ ಪದ. ದಿನಾ ಬೆಳಿಗ್ಗೆ ಹೇಳುತ್ತೇನೆ. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡುವುದು ನಮ್ಮ ಮನೆಯಲ್ಲಿ ಕಲಿಸಿಲ್ಲ. ಬಂದ ಹೊಸದರಲ್ಲೇ ಇದೇ ಪ್ರಿಯನ್‌ನನ್ನು ಕೂರಿಸಿಕೊಂಡು ಒಂದೊಂದು ಪದದ ಅರ್ಥ ಕೇಳಿದ್ದೆ. ಕಾನ್ಶಾ ಅಂದರೆ ಕೃತಜ್ಞತೆ.

"ಪ್ರಿಯನ್, ನಾನು ಕಾನ್ಶಾ ಅನ್ನಲಿಲ್ಲ" ಅಂದೆ. "ಅದನ್ನ ವಾಪಸ್ ತಗೊ. ನಾನು ಹೇಳಿದ್ದು ಹೇಳು."

ಪದ ಕೇಳಿ ಸುಗಿಯಾಮಾ ತಲೆ ಎತ್ತಿದರು.

"ಜಯಾ, ಪ್ಲೀಸ್" ಅಂದ ಪ್ರಿಯನ್, ಮೆಲ್ಲಗೆ. "ಜಾತಿ ಅನ್ನೋದಕ್ಕೆ ಜಪಾನಿಯಲ್ಲಿ ಏನು ಹೇಳೋದು, ನಂಗೆ ಗೊತ್ತಿಲ್ಲ ಮಾರಾಯ್ತಿ."

"ಬೇಡ ಬಿಡು. ಹಾಗಾದರೆ ಕೈ ಎತ್ತಿಸೋಣ. ತಮ್ಮ ಸರದಿ ತಾವೇ ಮಾಡಿದವರು ಕೈ ಎತ್ತಲಿ ಅಂತ ಹೇಳು. ಇದಕ್ಕೆ ಪದ ಇದೆಯಲ್ಲ?"

ಅದನ್ನೇ ಇಂಗ್ಲಿಷಿನಲ್ಲೂ ಜೋರಾಗಿ ಹೇಳಿದೆ. ಪ್ರಿಯನ್ ಬಾಯಿ ತೆಗೆಯುವ ಮೊದಲೇ ಪೀಟರ್ ಸ್ವಾಹಿಲಿಯಲ್ಲಿ ಕೂಗಿದ, "ಮಿಕೊನೊ ಜೂ!" ಕೈ ಮೇಲೆ ಅಂತ. ಶೆಡ್ಡಿನಲ್ಲಿ ಕೈಗಳು ಎದ್ದವು. ಗ್ರೀಸಿನ ಕೈ, ಬ್ಯಾಂಡೇಜಿನ ಕೈ, ಮೆಹಂದಿಯ ಕೈ. ಪ್ರಿಯನ್ ಸುತ್ತ ನೋಡಿದ. ತನ್ನದನ್ನೂ ಎತ್ತಿದ. ನಾಲ್ಕು ಜನರ ಕೈ ಮಾತ್ರ ಕೆಳಗೆ. ಯೋಗೀಶ ಜೇಬಿನಲ್ಲಿಟ್ಟುಕೊಂಡ. ಪ್ರಶಾಂತ್ ಫೋನ್ ಹುಡುಕಿದ. ದ್ವಾರಕಾನಾಥ್ ಕೈ ಅರ್ಧ ಎದ್ದಿತು, ಪೀಟರ್ ಕಣ್ಣು ನೋಡಿ ತಲೆ ಕೆರೆದುಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಶೆಡ್ಡೇ ನಕ್ಕಿತು.

ಪ್ರಿಯನ್ ಆಗ ಮಾತಾಡಿದ. ಉದ್ದಕ್ಕೆ ಮಾತಾಡಿದ. ಮಧ್ಯೆ ಕನ್ನಡದ 'ಹೋಳಿಗೆ' ಅನ್ನುವ ಪದ ಹಾಗೇ ಬಂತು.

ಸುಗಿಯಾಮಾ ಕೇಳಿದರು. ಬಾಗಿಲಲ್ಲಿದ್ದ ಫೋಟೊವನ್ನು ಒಂದು ಸಲ ನೋಡಿದರು. ಗಡಿಯಾರ ನೋಡಿದರು. ನ್ಯಾಯ ಹೇಳುತ್ತಾರೆ ಅಂತ ನಾನು ಕಾಯಲಿಲ್ಲ. ಅವರು ಬೇರಿಂಗ್ ಮಾರುವವರು. ಒಂದೇ ಮಾತು ಹೇಳಿದರು. ಪ್ರಿಯನ್ ಅದನ್ನು ಮೂರು ಭಾಷೆಯಲ್ಲಿ ಹೇಳಿದ: "ಚಾರ್ಟಿನಲ್ಲಿ ಇರುವ ಹಾಗೆ ನಡೆಯಲಿ."

ಕಾರು ಹತ್ತಿ ವಿಮಾನಕ್ಕೆ ಹೋದರು.

ಗೇಟು ಮುಚ್ಚಿದ ಕೂಡಲೇ ಹೃಷಿಕೇಶ್ ಸಾರ್ ಅಂಗಿಯ ಕಾಲರ್ ಸರಿ ಮಾಡಿಕೊಂಡರು. "ಸಿನಿಮಾ ಮುಗೀತು. ಎಲ್ಲ ಮೆಶಿನ್ ಹತ್ರ ಹೋಗಿ. ಜಯಾ, ಹೋಗಿ ಬೆಲ್ ಹೊಡಿ."

"ತೊಳೆದವರು ಹೊಡೀಬೇಕು ಸಾರ್."

"ಪೀಟರ್, ನೀನು ಹೊಡಿ."

ಪೀಟರ್ ಒಂದು ಕ್ರೇಟು ಎಳೆದು ಕೂತ. "ಬಾಡೊ, ಬಾಸ್" ಅಂದ. ಇನ್ನೂ ಇಲ್ಲ ಅಂತ. ಇನ್ನೊಬ್ಬ ಕೂತ. ನನ್ನ ವಿಭಾಗದ ಹುಡುಗಿಯರು ನೆಲದ ಮೇಲೇ ಕೂತರು. ನಾನು ಪೆಟ್ಟಿಗೆ ಇಳಿದು ಅದರ ಮೇಲೇ ಕೂತೆ. ಯಾರೂ ಘೋಷಣೆ ಕೂಗಲಿಲ್ಲ. ಒಂದು ಮೆಶಿನ್ನೂ ತಿರುಗಲಿಲ್ಲ. ಅಂಥ ಮೌನವನ್ನು ನಾನು ಆ ಶೆಡ್ಡಿನಲ್ಲಿ ಕೇಳಿಯೇ ಇರಲಿಲ್ಲ. ಹೊರಗೆ ಲಾರಿ ತುಂಬಲು ಬಂದವನು ಹಾರ್ನ್ ಹೊಡೆಯುತ್ತಿದ್ದ.

ಸಾರ್ ಗದರಿದರು. ಸಂಬಳ ಹಿಡಿಯುತ್ತೇನೆ ಅಂದರು. ಪೊಲೀಸರು ಅಂದರು. "ಪೊಲೀಸರು ಬಂದು ತೊಳೀತಾರಾ ಬಾಸ್?" ಅಂತ ಪೀಟರ್ ಕೇಳಿದ, ಗೌರವದಿಂದಲೇ. ಲಾರಿಯವನು ಮತ್ತೆ ಹಾರ್ನ್ ಹೊಡೆದ. ಸಾರ್ ಫೋನು ಬಡಿದುಕೊಳ್ಳತೊಡಗಿತು. ಸರಕು ಎಲ್ಲಿ ಅಂತ ಕೇಳುವವರು.

ಹೃಷಿಕೇಶ್ ಸಾರ್ ದ್ವಾರಕಾನಾಥ್ ಮುಖ ನೋಡಿದರು. ದ್ವಾರಕಾನಾಥ್ ಪ್ರಶಾಂತ್ ಮುಖ ನೋಡಿದರು. ಪ್ರಶಾಂತ್ ಯೋಗೀಶನ ಮುಖ ನೋಡಿದ. ಯೋಗೀಶನಿಗೆ ನೋಡಲು ಗೋಡೆ ಬಿಟ್ಟು ಏನೂ ಇರಲಿಲ್ಲ. ಗೋಡೆಯಲ್ಲಿ ಚಾರ್ಟಿತ್ತು. ಆ ವಾರದ ಮೊದಲ ಹೆಸರು ಹೃಷಿಕೇಶ್.

ಸಾರ್ ಕೋಟು ಬಿಚ್ಚಿದರು. ಹಿಡಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಕ್ರೇಟಿನ ಮೇಲಿಟ್ಟು ಒಳಗೆ ಹೋದರು. ಅಂಗಿಯೊಳಗೆ ಕೈ ಹಾಕಿ ಜನಿವಾರ ಎಳೆದು ಕಿವಿಗೆ ಸುತ್ತಿಕೊಂಡದ್ದು ಎಲ್ಲರಿಗೂ ಕಂಡಿತು. ಗ್ರೀಸ್ ವಿಭಾಗದ ಹುಡುಗ ಪಿಸುಗುಟ್ಟಿದ, "ಅದು ಸೇಫ್ಟಿ ಬೆಲ್ಟಾ?"

ಒಳಗೆ ಬಕೆಟ್ ಉರುಳಿತು. ನೀರು ಬಿತ್ತು. ವಾಂತಿಯ ಸದ್ದು ಬಂತು. ಆಮೇಲೆ ದನಿ, "ಆಸಿಡ್ ಎಷ್ಟು ಹಾಕ್ಬೇಕು?"

ನನ್ನನ್ನೇ ಕೇಳಿದ್ದು. ಕನ್ನಡದಲ್ಲಿ.

"ಕೈಗೆ ಗೊತ್ತಾಗುತ್ತೆ ಸಾರ್" ಅಂದೆ.

ಬಹಳ ಹೊತ್ತಿನ ಮೇಲೆ ಬೆಲ್ ಆಯಿತು. ಮೆಲ್ಲಗೆ, ಒಂದೇ ಸಲ. ಪೀಟರ್ ಎದ್ದು ಪ್ಯಾಂಟು ಕೊಡವಿದ. "ಅಸಾಂಟೆ, ಬಾಸ್" ಅಂದ, ಥ್ಯಾಂಕ್ಸ್ ಅಂತ. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಪತ್ರ ಇವತ್ತಿನವರೆಗೆ ಸಿಕ್ಕಿಲ್ಲ. ಸಿಗುವುದೂ ಇಲ್ಲ ಅಂತ ಕಾಣುತ್ತದೆ. ಪರ್ಮಿಟ್ ಮುಗಿಯುವ ದಿನ ಈ ಕುರ್ಚಿಯಿಂದ ಎದ್ದು ಹೋಗುತ್ತೇನೆ. ಪೀಣ್ಯದಲ್ಲಿ ಟೇಪು ಅಂಟಿಸುತ್ತೇನೋ, ಇನ್ನೊಂದು ಗೂಡು ಹುಡುಕುತ್ತೇನೋ ಗೊತ್ತಿಲ್ಲ. ಹೆದರಿಕೆ ಇದೆ. ಆದರೆ ಬಕೆಟ್ ಕವುಚಿಟ್ಟಾಗಿದೆ.

ಮೊನ್ನೆ ಸಂಜೆ ಪ್ರಗತಿ ಮೇಡಂ ಫೋನ್ ಮಾಡಿದರು. ಯುಗಾದಿ ಆದ ಮೇಲೆ ಮೊದಲ ಸಲ.

"ಜಯಾ, ಹೇಗಿದೀಯಾ? ಈ ಶನಿವಾರ ಭಜನೆಗೆ ಬಾರಮ್ಮ. ಎಲ್ಲರೂ ಕೇಳ್ತಿರ್ತಾರೆ."

"ನೋಡ್ತೀನಿ ಮೇಡಂ."

"ನೋಡು, ಆದದ್ದಾಯ್ತು. ನೀನು ಮೊದಲಿನ ಹಾಗೆ ಅದೊಂದನ್ನ ನೋಡ್ಕೊಂಡ್ಬಿಡು. ಪತ್ರದ ವಿಷಯ ನಾನು ಇವರ ಹತ್ರ ಮಾತಾಡ್ತೀನಿ. ನಾಳೇನೇ ಸೈನ್ ಮಾಡಿಸ್ತೀನಿ."

"ನನ್ನ ಸರದಿ ಗುರುವಾರ ಮೇಡಂ."

ಮೇಡಂ ದನಿ ತಗ್ಗಿಸಿದರು.

"ಅದಿರ್ಲಿ. ಇವರಿಗೆ ಬೆರಳೆಲ್ಲ ಬಿರಿದುಬಿಟ್ಟಿದೆ ಕಣೆ. ಊಟ ಕಲಸೋಕಾಗ್ತಿಲ್ಲ, ಸ್ಪೂನಲ್ಲಿ ತಿಂತಿದಾರೆ. ನಿಂಗೂ ಹಾಗೇ ಆಗಿತ್ತಂತಲ್ಲ. ನೀನು ಏನು ಹಚ್ಕೋತಿದ್ದೆ?"

"ಏನೂ ಇಲ್ಲ ಮೇಡಂ" ಅಂದೆ. "ಉರೀತಿತ್ತು."